ಡೆಪ್ಯುಟಿ ಚನ್ನಬಸಪ್ಪನವರು

ಅಧಿಕಾರದ ಹೆಸರೇ ಆದರದ ಬಿರುದಾಗಿ ನಿಂತ ಮಹನೀಯರು ಕನ್ನಡ ನಾಡಿನ ವಿದ್ಯಾಭ್ಯಾಸದ ಇತಿಹಾಸದಲ್ಲಿ ವಿರಳ. ಅಂಥವರಲ್ಲಿ ಅಗ್ರಗಣ್ಯರು ಡೆಪ್ಯುಟಿ ಚನ್ನಬಸಪ್ಪನವರು (1834–1881). ಡೆಪ್ಯುಟಿ ಎಂಬುದು ಮುಂಬಯಿ ಪ್ರಾಂತದ ವಿದ್ಯಾ ಇಲಾಖೆಯಲ್ಲಿ ಶಾಲೆಗಳನ್ನು ತನಿಖೆ ಮಾಡಿ, ಮಕ್ಕಳನ್ನು ಪರೀಕ್ಷಿಸಿ, ಮೇಲಿನವರಿಗೆ ವರದಿ ಒಪ್ಪಿಸುವ ಅಧಿಕಾರಿಯ ಪದವಿ. ಉಪಾಧ್ಯಾಯರಿಗೆ ಅಳುಕು ಹುಟ್ಟಿಸುವುದೇ ಆ ಪದವಿಯ ಸಹಜಗುಣ. ಅದೇ ಪದವನ್ನು ಕನ್ನಡಿಗರು ಪ್ರೀತಿಯಿಂದ ಅವರ ಹೆಸರಿನ ಮುಂದಿರಿಸಿ ಇಂದಿಗೂ ಸ್ಮರಿಸುತ್ತಿರುವರೆಂದರೆ, ಆ ಪದವಿಯನ್ನು ಅವರು ನಿರ್ವಹಿಸಿದ ರೀತಿಯೇ ಅದಕ್ಕೆ ಕಾರಣ.

ಧಾರವಾಡದವರಾದ ಚನ್ನಬಸಪ್ಪನವರು ಉನ್ನತ ವಿದ್ಯೆಗಾಗಿ ಪುಣೆಗೆ ಹೋಗಿ, ಇಂಗ್ಲಿಷ್ ಕಲಿತು, ಮರಳಿ ಬಂದು ವಿದ್ಯಾ ಇಲಾಖೆಯನ್ನು ಸೇರಿದರು. ಶಿಕ್ಷಕರನ್ನು ತರಬೇತುಗೊಳಿಸುವ ನಾರ್ಮಲ್ ಶಾಲೆಯಲ್ಲಿ ದುಡಿದರು. ಡೆಪ್ಯುಟಿಗಳಾಗಿ ಬೆಳಗಾವಿ, ಧಾರವಾಡ ಸೀಮೆಗಳ ಹಳ್ಳಿಹಳ್ಳಿಗಳನ್ನು ಸುತ್ತಿದರು. 1818ರಲ್ಲಿ ಪೇಶವೆಯರ ಆಳ್ವಿಕೆ ಅಳಿದಿದ್ದರೂ ಕಚೇರಿಗಳಲ್ಲಿಯೂ ಶಾಲೆಗಳಲ್ಲಿಯೂ ಮರಾಠಿಯ ಪ್ರಾಬಲ್ಯ ಅಳಿದಿರಲಿಲ್ಲ. ಮನೆಯಲ್ಲಿ ಕನ್ನಡವಾಡುವ ಕೂಸು ಶಾಲೆಯಲ್ಲಿ ಮರಾಠಿಯ ಅಕ್ಷರ ತಿದ್ದಬೇಕಾಗಿತ್ತು. ಕನ್ನಡ ಜನರಿರುವಲ್ಲಿ ಕನ್ನಡ ಶಾಲೆಗಳೇ ಇರಬೇಕೆಂದು ಚನ್ನಬಸಪ್ಪನವರು ಹೋರಾಡಿದರು. ಮೇಲಧಿಕಾರಿ ರಸೆಲ್ ಸಾಹೇಬರ ಬೆಂಬಲವೂ ಈ ಕಾರ್ಯಕ್ಕೆ ಒದಗಿತು.

ಅದು ಶಿಕ್ಷಣವನ್ನು ಲೆಕ್ಕದ ತಕ್ಕಡಿಯಲ್ಲಿ ತೂಗಲು ಹೊರಟ ಕಾಲ. ಇಂಗ್ಲೆಂಡಿನಲ್ಲಿ 1862ರಿಂದ ಓದು, ಬರಹ, ಲೆಕ್ಕ ಈ ಮೂರರಲ್ಲಿ ಎಷ್ಟು ಮಕ್ಕಳು ತೇರ್ಗಡೆಯಾದರೆಂದು ನೋಡಿ ಶಾಲೆಗೆ ಹಣ ಕೊಡುವ ಪದ್ಧತಿ ಆರಂಭವಾಯಿತು. ಅದೇ ದಶಕದಲ್ಲಿ ಮುಂಬಯಿ ಪ್ರಾಂತದಲ್ಲಿಯೂ ಖಾಸಗಿ ಶಾಲೆಗಳ ಸಹಾಯಧನವನ್ನು ಪರೀಕ್ಷೆಯ ಫಲಕ್ಕೆ ಕಟ್ಟಿಹಾಕಲಾಯಿತು. ಪರೀಕ್ಷೆಯ ದಿನ ಮಗು ಜ್ವರದಿಂದ ಮಲಗಿದರೂ, ಸುಗ್ಗಿಗೆಂದು ಹೊಲಕ್ಕೆ ಹೋದರೂ ನಷ್ಟ ಶಾಲೆಯದೇ. ವರ್ಷವಿಡೀ ಮಂದಮತಿಯನ್ನು ತಿದ್ದಿದ ಶ್ರಮಕ್ಕೆ ಆ ಲೆಕ್ಕದಲ್ಲಿ ಅಂಕಣವೇ ಇರಲಿಲ್ಲ. ಕೇಳಬಹುದಾದ ಪ್ರಶ್ನೆಗಳನ್ನಷ್ಟೇ ಗಿಣಿಪಾಠ ಮಾಡಿಸುವುದು ಉಪಾಧ್ಯಾಯನಿಗೆ ಅನಿವಾರ್ಯವಾಗುತ್ತಿತ್ತು.

ಪರೀಕ್ಷಕರ ಪೀಠದಲ್ಲಿಯೇ ಕುಳಿತಿದ್ದ ಚನ್ನಬಸಪ್ಪನವರ ಬದುಕಿನ ಹಿರಿಮೆ ಇಲ್ಲಿ ತೋರುತ್ತದೆ. ತರಬೇತಿಲ್ಲದ ಶಿಕ್ಷಕ, ತಾಯ್ನುಡಿಯ ಪುಸ್ತಕವಿಲ್ಲದ ತರಗತಿ, ಇವುಗಳಿಂದ ಫಲವನ್ನು ಕೇಳುವುದು ಬಿತ್ತದ ಹೊಲದಲ್ಲಿ ರಾಶಿ ಅಳೆಯಹೋದಂತೆ. ಅವರ ಸೇವೆಯೆಲ್ಲ ಮೊದಲು ಬಿತ್ತುವ ಕೆಲಸವಾಗಿತ್ತು. ನಾರ್ಮಲ್ ಶಾಲೆಯ ಮೂಲಕ ಕನ್ನಡ ಶಿಕ್ಷಕರನ್ನು ಸಿದ್ಧಗೊಳಿಸಿದರು. ಗಂಗಾಧರ ಮಡಿವಾಳೇಶ್ವರ ತುರಮರಿ, ವೆಂಕಟ ರಂಗೋ ಕಟ್ಟಿ ಮೊದಲಾದ ವಿದ್ವಾಂಸರು ಪಠ್ಯಗಳನ್ನೂ ಗ್ರಂಥಗಳನ್ನೂ ರಚಿಸುತ್ತಿದ್ದ ಆ ಬಳಗದಲ್ಲಿ ತಾವೂ ಲೇಖನಿ ಹಿಡಿದರು. ಶೇಕ್ಸ್‌ಪಿಯರನ ವಿನೋದ ನಾಟಕವೊಂದನ್ನು ‘ನಗದವರನ್ನು ನಗಿಸುವ ಕಥೆ’ ಎಂಬ ಹೆಸರಿನಿಂದ 1871ರಲ್ಲಿ ಕನ್ನಡಕ್ಕೆ ತಂದರು. ಒಂಟಿಯಾಗಿ ಹಳ್ಳಿಯಲ್ಲಿ ಕುಳಿತ ಉಪಾಧ್ಯಾಯನಿಗೆ ಹೊಸ ತಿಳಿವಳಿಕೆಯನ್ನು ಮುಟ್ಟಿಸಲು 1865ರಲ್ಲಿ ‘ಮಠಪತ್ರಿಕೆ’ ಹೊರಟಿತು. ಶಾಲೆಗೆ ಮಠವೆಂದೇ ಹೆಸರಿದ್ದ ಕಾಲವದು. ಆ ಪರಂಪರೆಯೇ ‘ಜೀವನ ಶಿಕ್ಷಣ’ವೆಂಬ ಹೆಸರಿನಿಂದ ಮುಂದುವರಿದಿದೆ.

1881ರಲ್ಲಿ, ಐವತ್ತು ತುಂಬುವ ಮೊದಲೇ, ಚನ್ನಬಸಪ್ಪನವರು ಲಿಂಗೈಕ್ಯರಾದರು. ಮರುವರ್ಷವೇ ಹಂಟರ್ ಆಯೋಗ ನಾಡಿನ ಶಿಕ್ಷಣಸ್ಥಿತಿಯನ್ನು ವಿಚಾರಿಸಿತು. 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ, 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದವು. ಕನ್ನಡ ಶಾಲೆ ಹದಗೊಳಿಸಿದ ನೆಲದಲ್ಲಿಯೇ ಇವು ಬೇರುಬಿಟ್ಟವು. ಫಲ ನೋಡಿ ಹಣ ಕೊಡುವ ಪದ್ಧತಿಯನ್ನು 1904ರ ಶಿಕ್ಷಣ ನಿರ್ಣಯದಲ್ಲಿ ಸರಕಾರವೇ ಕೈಬಿಟ್ಟಿತು.

ಸಾಲಗುಂದ, ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಈ ನೆಲಕ್ಕೆ ಚನ್ನಬಸಪ್ಪನವರಂಥ ಅಧಿಕಾರಿ ಅಂದು ದೊರೆಯಲಿಲ್ಲ. ಇದು ನಿಜಾಮರ ಸಂಸ್ಥಾನ. ಆಡಳಿತ ನಡೆದದ್ದು ಫಾರಸಿಯಲ್ಲಿ, ಬಳಿಕ ಉರ್ದುವಿನಲ್ಲಿ. ಕನ್ನಡದ ಓಲೆಯನ್ನೂ ಅಕ್ಷರವನ್ನೂ ಕಾಯ್ದುಕೊಂಡವರಲ್ಲಿ ಮಠಗಳೂ ಗಾಂವಠಿ ಶಾಲೆಗಳ ಅಯ್ಯನವರೂ ಮುಖ್ಯರು. 1956ರ ನವೆಂಬರ್ 1ರಂದು ಏಕೀಕರಣವಾಗುವಷ್ಟರಲ್ಲಿ ಧಾರವಾಡ ಸೀಮೆ ಒಂದು ಶತಮಾನದ ಕನ್ನಡ ಶಾಲೆಯ ಬಲವನ್ನು ಪಡೆದಿತ್ತು. ಇಂದು ಎರಡೂ ಸೀಮೆಗಳ ಮಕ್ಕಳಿಗೆ ಒಂದೇ ಪ್ರಶ್ನಪತ್ರಿಕೆ. ಫಲಿತಾಂಶ ಬಂದೊಡನೆ ಜಿಲ್ಲೆಗಳ ಸಾಲುಪಟ್ಟಿ. ಗುಳೆ ಹೋದ ತಂದೆತಾಯಿಯರೊಡನೆ ತಿಂಗಳುಗಟ್ಟಲೆ ಊರು ಬಿಟ್ಟ ಮಗುವಿನ ಅಂಕಕ್ಕೂ ಕಾರಣ ಹೇಳಬೇಕಾದವನು ಶಿಕ್ಷಕನೇ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಕ್ಯಾಮೆರಾ ಕಣ್ಗಾವಲಿನಲ್ಲಿ ನಡೆದು ರಾಜ್ಯದ ಫಲಿತಾಂಶ ಕುಸಿಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ 5, 8, 9ನೆಯ ತರಗತಿಗಳ ಮಂಡಳಿ ಪರೀಕ್ಷೆಯ ಫಲಿತಾಂಶವನ್ನು ಸರ್ವೋಚ್ಚ ನ್ಯಾಯಾಲಯ ತಡೆಹಿಡಿಯಿತು.

ಪರೀಕ್ಷೆ ಬೇಡವೆಂಬುದು ಚನ್ನಬಸಪ್ಪನವರ ಚರಿತ್ರೆಯ ಸಂದೇಶವಲ್ಲ. ಅವರು ತನಿಖೆಯಿಂದಲೇ ಅನ್ನ ಉಂಡವರು. ಪರೀಕ್ಷಿಸುವವನು ಕೊಡುವವನೂ ಆಗಿರಬೇಕೆಂಬುದು ಅವರ ಬಾಳು ತೋರಿದ ದಾರಿ. ಶಾಲೆಗೆ ಪುಸ್ತಕಭಂಡಾರ, ಬಡಮಕ್ಕಳಿಗೆ ವಸತಿ, ದಾಸೋಹಗಳನ್ನು ಒದಗಿಸುವ ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಆ ದಾರಿಯಲ್ಲಿಯೇ ನಡೆಯುತ್ತಿದ್ದಾರೆ. ತನಿಖೆಗೆ ಬರುವ ಅಧಿಕಾರಿಗಳೂ ಕೈಯಲ್ಲಿ ಪಟ್ಟಿಯೊಡನೆ ಒಂದಿಷ್ಟು ನೆರವನ್ನೂ ಹಿಡಿದು ಬಂದರೆ ಡೆಪ್ಯುಟಿ ಚನ್ನಬಸಪ್ಪನವರ ಸ್ಮರಣೆ ಸಾರ್ಥಕವಾದೀತು.