ಧರ್ಮಸಭೆಯ ಮಹಾಪಂಡಿತ ಸಂತ ತೋಮಾಸ್ ಅಕ್ವಿನಾಸ್

ಕ್ರಿಸ್ತಶಕ 13ನೆಯ ಶತಮಾನವು ಪಶ್ಚಿಮ ಯೂರೋಪಿನ ಧರ್ಮಸಭೆಗೆ ಮಹಾಚೈತನ್ಯದ ಕಾಲ; ಮಹಾಪರೀಕ್ಷೆಯ ಕಾಲವೂ ಹೌದು. ನಗರನಗರಗಳಲ್ಲಿ ಭವ್ಯ ಪ್ರಧಾನಾಲಯಗಳು ಮೇಲೇಳುತ್ತಿದ್ದವು. ಪ್ಯಾರಿಸ್, ಬೊಲೋನ್ಯ, ಆಕ್ಸ್‌ಫರ್ಡ್‌ಗಳಲ್ಲಿ ವಿಶ್ವವಿದ್ಯಾನಿಲಯಗಳು ಬೇರೂರುತ್ತಿದ್ದವು. ಸಂತ ಫ್ರಾನ್ಸಿಸ್ ಮತ್ತು ಸಂತ ದೊಮಿನಿಕರ ಶಿಷ್ಯರು ಭಿಕ್ಷಾವೃತ್ತಿಯಿಂದ ಜೀವಿಸುತ್ತ ಬೀದಿಬೀದಿಗಳಲ್ಲಿ ಶುಭಸಂದೇಶ ಸಾರುತ್ತಿದ್ದರು. ಇದೇ ಕಾಲದಲ್ಲಿ, ಬಹುಕಾಲ ಪಶ್ಚಿಮದವರ ಕೈಗೆ ಸಿಗದಿದ್ದ ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲನ ಗ್ರಂಥಗಳು ಅರಬ್ಬೀ ಪಂಡಿತರ ವ್ಯಾಖ್ಯಾನಗಳೊಡನೆ ಲ್ಯಾಟಿನ್ ಭಾಷೆಗೆ ಬಂದವು. ಕ್ರಿಸ್ತನಿಗಿಂತ ಮುನ್ನೂರು ವರ್ಷಗಳ ಹಿಂದೆ ಬಾಳಿದವನೊಬ್ಬನು ಪ್ರಕೃತಿಯನ್ನೂ ಆತ್ಮವನ್ನೂ ಇಷ್ಟು ಸುಸಂಬದ್ಧವಾಗಿ ವಿವರಿಸಿದ್ದನ್ನು ಕಂಡು ಯುವಕರು ಬೆರಗಾದರು, ಹಿರಿಯರು ಕಳವಳಗೊಂಡರು. ಜಗತ್ತಿಗೆ ಆದಿಯೇ ಇಲ್ಲವೆಂಬ ಅವನ ವಾದವು ಸೃಷ್ಟಿಯ ವಿಶ್ವಾಸಕ್ಕೇ ವಿರುದ್ಧವಾಗಿತ್ತು. 1210ರಲ್ಲಿ ಪ್ಯಾರಿಸಿನಲ್ಲಿ ಅವನ ಪ್ರಕೃತಿಶಾಸ್ತ್ರದ ಗ್ರಂಥಗಳ ಬೋಧನೆಗೆ ನಿಷೇಧ ಬಿದ್ದಿತು. 1255ರಲ್ಲಿ ಅದೇ ಪ್ಯಾರಿಸಿನ ವಿಶ್ವವಿದ್ಯಾನಿಲಯದಲ್ಲಿ ಅವೇ ಪಠ್ಯಗಳಾದವು. ಹೊಸ ಜ್ಞಾನವನ್ನು ತಳ್ಳಿ ವಿಶ್ವಾಸವನ್ನು ಕಾಯುವುದೋ, ವಿಶ್ವಾಸವನ್ನು ಬದಿಗಿಟ್ಟು ಜ್ಞಾನವನ್ನು ಅಪ್ಪುವುದೋ ಎಂಬ ಇಕ್ಕಟ್ಟಿನಲ್ಲಿ ಮೂರನೆಯ ದಾರಿಯನ್ನು ತೋರಿದ ಮಹನೀಯರೇ ಸಂತ ತೋಮಾಸ್ ಅಕ್ವಿನಾಸರು.

ರೋಮ್ ಮತ್ತು ನೇಪಲ್ಸ್ ನಗರಗಳ ನಡುವಿನ ರೊಕ್ಕಾಸೆಕ್ಕಾ ಕೋಟೆಯಲ್ಲಿ, ಅಕ್ವೀನೊ ಎಂಬ ಕುಲೀನ ಮನೆತನದಲ್ಲಿ, 1225ರ ಸುಮಾರಿಗೆ ಅವರ ಜನನವಾಯಿತು. ತಂದೆ ಲಾಂದುಲ್ಫ್, ತಾಯಿ ತೆಯೊದೋರಾ. ಐದರ ಹರೆಯದಲ್ಲೇ ಬಾಲಕನನ್ನು ಮೊಂತೆ ಕಸ್ಸಿನೊದ ಬೆನೆದಿಕ್ತರ ಮಠಕ್ಕೆ ಒಪ್ಪಿಸಲಾಯಿತು. ಮುಂದೊಂದು ದಿನ ಮಗನು ಆ ಶ್ರೀಮಂತ ಮಠದ ಅಧಿಪತಿಯಾಗಬೇಕೆಂಬುದು ಮನೆಯವರ ಹಂಬಲ. ಆದರೆ ಚಕ್ರವರ್ತಿ ಎರಡನೆಯ ಫ್ರೆಡರಿಕನಿಗೂ ಜಗದ್ಗುರುಗಳಿಗೂ ನಡೆದ ಕಲಹದ ದೆಸೆಯಿಂದ ಮಠದಲ್ಲಿ ಇರಲಾಗದೆ, 1239ರಲ್ಲಿ ತೋಮಾಸರು ನೇಪಲ್ಸಿನ ವಿಶ್ವವಿದ್ಯಾನಿಲಯಕ್ಕೆ ಬಂದರು. ಅಲ್ಲಿ ಅವರ ಬದುಕನ್ನು ತಿರುಗಿಸಿದ ಎರಡು ಪರಿಚಯಗಳಾದವು: ಒಂದು ಅರಿಸ್ಟಾಟಲನದು, ಇನ್ನೊಂದು ದೊಮಿನಿಕನ್ ಸಭೆಯದು.

1244ರಲ್ಲಿ ಅವರು ದೊಮಿನಿಕನ್ ಉಡುಪನ್ನು ಧರಿಸಿದಾಗ ಮನೆಯಲ್ಲಿ ಕೋಲಾಹಲವೆದ್ದಿತು. ಮಠಾಧಿಪತಿಯಾಗಬೇಕಾದವನು ಭಿಕ್ಷೆ ಬೇಡುವುದೇ! ಪ್ಯಾರಿಸಿಗೆ ಹೊರಟಿದ್ದ ಅವರನ್ನು ಸೋದರರು ದಾರಿಯಲ್ಲಿಯೇ ಹಿಡಿದು ತಂದು ಸುಮಾರು ಒಂದು ವರ್ಷ ಬಂಧನದಲ್ಲಿಟ್ಟರು. ಅವರ ಸಂಕಲ್ಪವನ್ನು ಕೆಡಿಸಲು ಕೋಣೆಗೆ ಕಳುಹಿಸಿದ ಹೆಣ್ಣೊಬ್ಬಳನ್ನು ಉರಿಯುವ ಕೊಳ್ಳಿಯಿಂದ ಅಟ್ಟಿದರೆಂದು ಪ್ರತೀತಿಯುಂಟು. ಬೆದರಿಕೆ, ಕಣ್ಣೀರು, ಪ್ರಲೋಭನೆಗಳಲ್ಲಿ ಯಾವುದಕ್ಕೂ ಅವರು ಮಣಿಯಲಿಲ್ಲ. ಕಟ್ಟಕಡೆಗೆ ಮನೆಯವರೇ ಸೋತು ಬಿಡುಗಡೆ ಮಾಡಿದರು.

ಮುಂದೆ ಪ್ಯಾರಿಸಿನಲ್ಲಿಯೂ, 1248ರಿಂದ ಕೊಲೋನ್ ನಗರದಲ್ಲಿಯೂ ಮಹಾನ್ ಆಲ್ಬರ್ಟರ ಶಿಷ್ಯರಾಗುವ ಭಾಗ್ಯ ಅವರಿಗೆ ಲಭಿಸಿತು. ಗಿಡಮರ, ಪ್ರಾಣಿಪಕ್ಷಿ, ಖನಿಜಗಳನ್ನೆಲ್ಲ ಸ್ವತಃ ಪರಿಶೀಲಿಸಿದ ಆ ಗುರುವಿನಿಂದ, ದೇವರ ಸೃಷ್ಟಿಯನ್ನು ಅರಿಯುವುದೂ ದೇವರಿಗೆ ಸಲ್ಲಿಸುವ ಗೌರವವೆಂಬ ಪಾಠವನ್ನು ಅವರು ಕಲಿತರು. ಸ್ಥೂಲಕಾಯದ, ಮಿತಭಾಷಿಯಾದ ತೋಮಾಸರನ್ನು ಸಹಪಾಠಿಗಳು ಮೂಕ ಎತ್ತೆಂದು ಹಾಸ್ಯ ಮಾಡುತ್ತಿದ್ದರು. ಈ ಎತ್ತಿನ ದನಿಯನ್ನು ಲೋಕವೆಲ್ಲ ಕೇಳುವ ದಿನ ಬರುವುದೆಂದು ಗುರು ಆಲ್ಬರ್ಟರು ಮೊದಲೇ ಮನಗಂಡಿದ್ದರು.

1252ರಲ್ಲಿ ಪ್ಯಾರಿಸಿಗೆ ಮರಳಿದ ತೋಮಾಸರು 1256ರಲ್ಲಿ ದೈವಶಾಸ್ತ್ರದ ಆಚಾರ್ಯರಾದರು. ಭಿಕ್ಷುಸಭೆಗಳವರು ಬೋಧನಾಪೀಠ ಏರುವುದನ್ನು ಅಲ್ಲಿನ ಇತರ ಆಚಾರ್ಯರು ಸಹಿಸಲಿಲ್ಲ. ಜಗದ್ಗುರು ನಾಲ್ಕನೆಯ ಅಲೆಕ್ಸಾಂಡರರು ನಡುವೆ ಬಂದ ಬಳಿಕವೇ, 1257ರಲ್ಲಿ, ತೋಮಾಸರಿಗೂ ಫ್ರಾನ್ಸಿಸ್ಕನ್ ಸಭೆಯ ಸಂತ ಬೊನವೆಂತೂರರಿಗೂ ಆಚಾರ್ಯಮಂಡಲಿಯಲ್ಲಿ ಸ್ಥಾನ ದೊರೆಯಿತು.

ಆ ಕಾಲದ ವಿದ್ಯಾಲಯಗಳಲ್ಲಿ ಪಾಠದಷ್ಟೇ ವಾದಕ್ಕೂ ಮಹತ್ವವಿತ್ತು. ಆಚಾರ್ಯರು ಒಂದು ಪ್ರಶ್ನೆಯನ್ನು ಮುಂದಿಡುವರು. ಅದರ ಮೇಲೆ ಆಕ್ಷೇಪಗಳು ಏಳುವವು. ಕೊನೆಗೆ ಆಚಾರ್ಯರು ನಿರ್ಣಯ ಕೊಡುವರು. ತೋಮಾಸರ ಮೇರುಕೃತಿಯಾದ 'ಸುಮ್ಮಾ ಥಿಯೋಲಾಜಿಕಾ', ಎಂದರೆ ದೈವಶಾಸ್ತ್ರದ ಸಾರಸಂಗ್ರಹ, ಇದೇ ಕ್ರಮದಲ್ಲಿ ರಚಿತವಾಗಿದೆ. ನಮ್ಮ ನಾಡಿನ ಶಾಸ್ತ್ರಕಾರರು ಪೂರ್ವಪಕ್ಷವನ್ನು ಮೊದಲು ಹೇಳಿ ಅನಂತರ ಸಿದ್ಧಾಂತವನ್ನು ಸ್ಥಾಪಿಸುವಂತೆ, ತೋಮಾಸರೂ ಎದುರಾಳಿಯ ವಾದವನ್ನು ಮೊದಲು ಮುಂದಿಡುತ್ತಾರೆ. ಅದನ್ನು ದುರ್ಬಲಗೊಳಿಸಿ ಹೇಳುವುದಿಲ್ಲ. ಎದುರಾಳಿಯೇ ಮೆಚ್ಚುವಷ್ಟು ಬಲವಾಗಿ ಹೇಳುತ್ತಾರೆ. ದೇವರಿದ್ದಾನೆಯೇ ಎಂಬ ಪ್ರಶ್ನೆಯಲ್ಲಿಯೂ, ಲೋಕದಲ್ಲಿ ಕೇಡಿರುವುದರಿಂದ ದೇವರಿಲ್ಲವೆಂಬ ಆಕ್ಷೇಪವೇ ಮೊದಲು ಬರುತ್ತದೆ. ಆಮೇಲೆಯೇ ಚಲನೆ, ಕಾರಣ ಮೊದಲಾದವುಗಳಿಂದ ದೇವರ ಇರುವನ್ನು ತೋರುವ ಐದು ಮಾರ್ಗಗಳು.

ಸತ್ಯವು ಎಲ್ಲಿಂದ ಬಂದರೂ ಅದರ ಮೂಲ ದೇವರೇ ಎಂಬುದು ಅವರ ದೃಢನಂಬಿಕೆಯಾಗಿತ್ತು. ಆದುದರಿಂದಲೇ ಅರಿಸ್ಟಾಟಲನಿಂದಲೂ, ಮುಸ್ಲಿಮ್ ಪಂಡಿತ ಇಬ್ನ್ ಸೀನಾನಿಂದಲೂ, ಯೆಹೂದ್ಯ ಪಂಡಿತ ಮೈಮೊನಿಡೀಸನಿಂದಲೂ ಅವರು ಸಂಕೋಚವಿಲ್ಲದೆ ಕಲಿತರು. ತಪ್ಪು ಕಂಡಲ್ಲಿ ಸೌಜನ್ಯದಿಂದಲೇ ಖಂಡಿಸಿದರು. ದೇವರ ವರಪ್ರಸಾದವು ಮಾನವ ಸ್ವಭಾವವನ್ನು ಅಳಿಸುವುದಿಲ್ಲ, ಪೂರ್ಣಗೊಳಿಸುತ್ತದೆ. ಹಾಗೆಯೇ ವಿಶ್ವಾಸವು ಬುದ್ಧಿಯನ್ನು ನಂದಿಸುವುದಿಲ್ಲ, ಬುದ್ಧಿಗೆ ಎಟುಕದ ಎತ್ತರಕ್ಕೆ ಅದನ್ನು ಒಯ್ಯುತ್ತದೆ ಎಂಬುದು ಅವರ ಬೋಧನೆಯ ತಿರುಳು.

ಈ ಮಹಾಪಂಡಿತರು ಮಹಾಭಕ್ತರೂ ಆಗಿದ್ದರು. 1264ರಲ್ಲಿ ಜಗದ್ಗುರು ನಾಲ್ಕನೆಯ ಉರ್ಬಾನರು ಪರಮಪ್ರಸಾದದ ಮಹೋತ್ಸವವನ್ನು ಧರ್ಮಸಭೆಗೆಲ್ಲ ವಿಧಿಸಿದಾಗ, ಅದರ ಪ್ರಾರ್ಥನೆಗಳನ್ನೂ ಗೀತೆಗಳನ್ನೂ ರಚಿಸುವ ಹೊಣೆ ತೋಮಾಸರ ಪಾಲಿಗೆ ಬಂದಿತು. ಪರಮಪ್ರಸಾದದ ಆಶೀರ್ವಾದದ ವೇಳೆ ಮೊಣಕಾಲೂರಿ ನಾವು ಹಾಡುವ 'ತಾಂತುಂ ಎರ್ಗೊ' ಆ ಗೀತೆಗಳಲ್ಲೊಂದರ ಕೊನೆಯ ಭಾಗವೇ ಆಗಿದೆ.

1268ರಲ್ಲಿ ಮತ್ತೆ ಪ್ಯಾರಿಸಿಗೆ ಬಂದಾಗ ಅವರಿಗೆ ಎರಡು ಕಡೆಯಿಂದ ಹೋರಾಟ ಕಾದಿತ್ತು. ಒಂದು ಕಡೆ, ಅರಬ್ಬೀ ವ್ಯಾಖ್ಯಾನಕಾರ ಇಬ್ನ್ ರುಶ್ದನನ್ನು ಅನುಸರಿಸಿದ ಕೆಲವರು ಮಾನವರೆಲ್ಲರಿಗೂ ಇರುವ ಬುದ್ಧಿ ಒಂದೇ ಎಂದು ಬೋಧಿಸುತ್ತಿದ್ದರು. ಹಾಗಾದರೆ ಒಬ್ಬೊಬ್ಬನ ಪಾಪಪುಣ್ಯಕ್ಕೂ ಮರಣಾನಂತರದ ಬಾಳಿಗೂ ಅರ್ಥವೆಲ್ಲಿ? ಯೋಚಿಸುವವನು ಈ ಒಬ್ಬ ಮನುಷ್ಯನೇ ಎಂಬ ಸರಳ ಅನುಭವದಿಂದಲೇ ತೋಮಾಸರು 1270ರಲ್ಲಿ ಆ ವಾದವನ್ನು ಮುರಿದರು. ಇನ್ನೊಂದು ಕಡೆ, ಅರಿಸ್ಟಾಟಲನ ಹೆಸರನ್ನೇ ಶಂಕಿಸುತ್ತಿದ್ದ ದೈವಶಾಸ್ತ್ರಿಗಳಿದ್ದರು. ಜಗತ್ತಿಗೆ ಆದಿಯುಂಟೆಂದು ನಾವು ತಿಳಿದಿರುವುದು ದೇವರ ಪ್ರಕಟಣೆಯಿಂದ, ಕೇವಲ ತರ್ಕದಿಂದ ಅದನ್ನು ಸಿದ್ಧಪಡಿಸಲಾಗದು ಎಂದು ತೋಮಾಸರು ಹೇಳಿದ್ದು ಅವರಿಗೆ ಹಿಡಿಸಲಿಲ್ಲ. ಆದರೆ ದುರ್ಬಲ ಪ್ರಮಾಣಗಳಿಂದ ವಿಶ್ವಾಸವನ್ನು ಸಮರ್ಥಿಸಿದರೆ ಅವಿಶ್ವಾಸಿಗಳ ನಗೆಗೆ ಗುರಿಯಾದೇವೆಂದು ಅವರು ಎಚ್ಚರಿಸಿದರು. ಸ್ವಪಕ್ಷದವರನ್ನು ಮೆಚ್ಚಿಸಲು ಅವರು ಸತ್ಯವನ್ನು ಬಗ್ಗಿಸಲಿಲ್ಲ.

1272ರಲ್ಲಿ ಅವರು ನೇಪಲ್ಸಿಗೆ ಹಿಂದಿರುಗಿದರು. 1273ರ ಡಿಸೆಂಬರ್ 6ರಂದು ಬಲಿಪೂಜೆ ಅರ್ಪಿಸುತ್ತಿದ್ದಾಗ ಅವರಿಗೆ ಅಪೂರ್ವವಾದ ದೈವಾನುಭವವಾಯಿತು. ಅಂದಿನಿಂದ ಅವರು ಲೇಖನಿಯನ್ನು ಕೆಳಗಿಟ್ಟರು. ಕಂಡದ್ದರ ಮುಂದೆ, ಬರೆದದ್ದೆಲ್ಲವೂ ಅವರಿಗೆ ಒಣಹುಲ್ಲಿನಂತೆ ತೋರಿತು. ಮಹಾಗ್ರಂಥವು ಪಾಪನಿವೇದನೆಯ ಸಂಸ್ಕಾರದ ವಿವರಣೆಯಲ್ಲಿಯೇ ನಿಂತಿತು. ಜಗದ್ಗುರು ಹತ್ತನೆಯ ಗ್ರೆಗೋರಿಯವರು ಕರೆದ ಲಿಯೋನ್ ಮಹಾಸಭೆಗೆ ಹೊರಟವರು ದಾರಿಯಲ್ಲಿ ಅಸ್ವಸ್ಥರಾಗಿ, ಫೊಸ್ಸಾನೋವಾದ ಮಠದಲ್ಲಿ 1274ರ ಮಾರ್ಚ್ 7ರಂದು ಪ್ರಭುವಿನಲ್ಲಿ ನಿದ್ರೆಹೋದರು. ಆಗ ಅವರಿಗೆ ಐವತ್ತೂ ದಾಟಿರಲಿಲ್ಲ.

ಸರಿಯಾಗಿ ಮೂರು ವರ್ಷಗಳ ಬಳಿಕ, ಅದೇ ಮಾರ್ಚ್ 7ರಂದು, ಪ್ಯಾರಿಸಿನ ಧರ್ಮಾಧ್ಯಕ್ಷರು 219 ವಾದಗಳನ್ನು ಖಂಡಿಸಿದರು. ತೋಮಾಸರ ಕೆಲವು ಬೋಧನೆಗಳಿಗೂ ಆ ಏಟು ತಗುಲಿತು. ಆದರೆ ಸತ್ಯಕ್ಕೆ ಕಾಲವೇ ಸಾಕ್ಷಿ. 1323ರಲ್ಲಿ ಜಗದ್ಗುರು ಇಪ್ಪತ್ತೆರಡನೆಯ ಜಾನರು ಅವರನ್ನು ಸಂತರೆಂದು ಸಾರಿದರು. 1325ರಲ್ಲಿ ಪ್ಯಾರಿಸಿನಲ್ಲಿಯೇ ಅವರ ಬೋಧನೆಯ ಮೇಲಿನ ಖಂಡನೆ ರದ್ದಾಯಿತು. 1567ರಲ್ಲಿ ಸಂತ ಐದನೆಯ ಭಕ್ತಿನಾಥರು, ಎಂದರೆ ಜಗದ್ಗುರು ಐದನೆಯ ಪಿಯುಸರು, ಅವರಿಗೆ ಧರ್ಮಸಭೆಯ ಪಂಡಿತರೆಂಬ ಬಿರುದನ್ನಿತ್ತರು. 1879ರಲ್ಲಿ ಹದಿಮೂರನೆಯ ಲಿಯೋರವರು ಅವರ ತತ್ವಜ್ಞಾನದ ಅಧ್ಯಯನಕ್ಕೆ ಪುನಶ್ಚೇತನ ನೀಡಿ, ಮರುವರ್ಷ ಅವರನ್ನು ಕಥೋಲಿಕ ವಿದ್ಯಾಸಂಸ್ಥೆಗಳ ಪಾಲಕರನ್ನಾಗಿ ಘೋಷಿಸಿದರು. ಜನವರಿ 28 ಅವರ ಸ್ಮರಣೆಯ ದಿನ.

ಶಾಲಾಕಾಲೇಜುಗಳಲ್ಲಿ ಕಲಿತ ಮಕ್ಕಳು ಮನೆಗೆ ಬಂದು ವಿಶ್ವಾಸದ ಬಗ್ಗೆ ಪ್ರಶ್ನೆ ಕೇಳಿದಾಗ ಗದರಿಸಿ ಬಾಯಿ ಮುಚ್ಚಿಸುವುದು ಸುಲಭ. ಸಂತ ತೋಮಾಸರು ತುಳಿದ ದಾರಿ ಅದಲ್ಲ. ಪ್ರಶ್ನೆಯನ್ನು ಪೂರ್ತಿ ಕೇಳಿ, ಅದರಲ್ಲಿರುವ ಸತ್ಯಾಂಶವನ್ನು ಗೌರವಿಸಿ, ಬಳಿಕ ತಾಳ್ಮೆಯಿಂದ ಉತ್ತರಿಸುವುದೇ ಅವರ ರೀತಿ. ಪ್ರಶ್ನೆಗೆ ಅಂಜದ ವಿಶ್ವಾಸವನ್ನೂ, ದೇವರ ಮುಂದೆ ಬಾಗುವ ಜ್ಞಾನವನ್ನೂ ನಮ್ಮ ಕುಟುಂಬಗಳಿಗೆ ಅವರು ಬೇಡಿ ಕೊಡಲಿ.