ದೈವಕರೆಗೆ ಓಗೊಟ್ಟ ಸಂತ ಮರಿಯಂ ಬವಾರ್ದಿ

ಧರ್ಮಕೇಂದ್ರವೊಂದರ ನೂರು ವರ್ಷಗಳ ಚರಿತ್ರೆಯೆಂದರೆ ಕೇವಲ ಗೋಡೆ ಗೋಪುರಗಳ ಚರಿತ್ರೆಯಲ್ಲ. ಅದರ ಮಡಿಲಲ್ಲಿ ಜ್ಞಾನಸ್ನಾನ ಪಡೆದು, ಮುಂದೊಂದು ದಿನ ತಂದೆತಾಯಿಯರ ಆಶೀರ್ವಾದ ಬೇಡಿ, ಕನ್ಯಾಮಠದ ಹೊಸ್ತಿಲನ್ನು ದಾಟಿದ ಹೆಣ್ಣುಮಕ್ಕಳ ಚರಿತ್ರೆಯೂ ಹೌದು. ಅಂಥ ಮಗಳೊಬ್ಬಳಿಗೆ ದೇವರ ಕರೆ ನಿಜವಾಗಿಯೂ ಬಂದಿದೆಯೆಂದು ಅರಿಯುವುದು ಹೇಗೆ? ಅದು ಕ್ಷಣಿಕ ಆವೇಶವೋ, ಮನಸ್ಸಿನ ಭ್ರಮೆಯೋ, ದೇವಚಿತ್ತವೋ? ಮಗಳನ್ನೂ ಹೆತ್ತವರನ್ನೂ ಸಮಾನವಾಗಿ ಕಾಡುವ ಈ ಪ್ರಶ್ನೆಗೆ ಸಂತ ಮರಿಯಂ ಬವಾರ್ದಿಯ ಬಾಳು ಒಂದು ಉತ್ತರವಾಗಿದೆ. ಪವಿತ್ರ ನಾಡಿನಲ್ಲಿ ಹುಟ್ಟಿ ಅಲ್ಲಿಯೇ ಮಡಿದ ಈ ಪುಣ್ಯವತಿ, ಕಾರ್ಮೆಲ್ ಮಠದ ವ್ರತಗಳನ್ನು ಸ್ವೀಕರಿಸಿದ್ದು ಮಾತ್ರ ನಮ್ಮ ಮಂಗಳೂರಿನಲ್ಲಿ ಎಂಬುದನ್ನು ಬಲ್ಲವರು ವಿರಳ.

ಗಲಿಲೇಯ ಪ್ರಾಂತ್ಯದಲ್ಲಿ, ನಜರೇತಿಗೂ ಹೈಫಾ ಪಟ್ಟಣಕ್ಕೂ ನಡುವೆ ಇಬಿಲ್ಲಿನ್ ಎಂಬ ಹಳ್ಳಿಯಿದೆ. ಅಲ್ಲಿ 1846ರ ಜನವರಿ 5ರಂದು ಮರಿಯಂ ಜನಿಸಿದಳು. ತಂದೆತಾಯಿಯರು ಗ್ರೀಕ್ ಮೆಲ್ಕೈಟ್ ವಿಧಿಗೆ ಸೇರಿದ ಬಡ ಕಥೋಲಿಕರು. ಹುಟ್ಟಿದ ಹನ್ನೆರಡು ಗಂಡುಮಕ್ಕಳನ್ನು ಒಬ್ಬೊಬ್ಬರನ್ನಾಗಿ ಮಣ್ಣಿಗೆ ಒಪ್ಪಿಸಿದ ಆ ದಂಪತಿಗಳು, ಬೆತ್ಲೆಹೇಮಿಗೆ ಕಾಲ್ನಡಿಗೆಯಲ್ಲಿ ಯಾತ್ರೆ ಹೋಗಿ ಕನ್ಯಾಮರಿಯಮ್ಮನವರಲ್ಲಿ ಒಂದು ಹೆಣ್ಣುಮಗುವನ್ನು ಬೇಡಿಕೊಂಡರು. ಹೀಗೆ ಹರಕೆಯ ಫಲವಾಗಿ ಬಂದ ಮಗುವಿಗೆ ಆ ತಾಯಿಯ ಹೆಸರನ್ನೇ ಇಟ್ಟರು. ಮುಂದೆ ಬೌಲೊಸ್ ಎಂಬ ತಮ್ಮನೂ ಹುಟ್ಟಿದನು. ಆದರೆ ಮರಿಯಂಗೆ ಮೂರು ವರ್ಷ ತುಂಬುವ ಮೊದಲೇ ತಂದೆಯೂ ತಾಯಿಯೂ ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ತಮ್ಮನು ತಾಯಿಯ ಕಡೆಯವರ ಪಾಲಾದನು; ಅಕ್ಕನು ತಂದೆಯ ಅಣ್ಣತಮ್ಮಂದಿರಲ್ಲೊಬ್ಬರ ಮನೆ ಸೇರಿದಳು.

ಆಕೆಯ ಬಾಲ್ಯದ ಒಂದು ಸಣ್ಣ ಘಟನೆಯನ್ನು ಜೀವನ ಚರಿತ್ರೆಕಾರರೆಲ್ಲರೂ ನೆನೆಯುತ್ತಾರೆ. ತನಗೆ ಕೊಟ್ಟಿದ್ದ ಎರಡು ಪುಟ್ಟ ಹಕ್ಕಿಗಳಿಗೆ ಮಗು ಅಕ್ಕರೆಯಿಂದ ಸ್ನಾನ ಮಾಡಿಸಿತು; ಅವು ಸತ್ತುಹೋದವು. ಅಳುತ್ತಾ ಅವನ್ನು ಹೂಳುತ್ತಿದ್ದಾಗ, ಲೋಕದ ಸಕಲವೂ ಹೀಗೆಯೇ ಗತಿಸುವುದೆಂದೂ, ಹೃದಯವನ್ನು ದೇವರಿಗೆ ಕೊಟ್ಟರೆ ಆತನೊಬ್ಬನೇ ಎಂದೆಂದಿಗೂ ಜೊತೆಗಿರುವನೆಂದೂ ಆಕೆಯ ಒಳಮನಸ್ಸಿಗೆ ಸ್ಪಷ್ಟವಾಗಿ ಹೊಳೆಯಿತು. ಕರೆಯ ಮೊದಲ ಬೀಜ ಇದು. ಆದರೆ ಬೀಜವನ್ನು ಕಂಡಾಕ್ಷಣ ಅದನ್ನು ಮರವೆನ್ನಲಾಗದು.

ದೊಡ್ಡಪ್ಪನ ಕುಟುಂಬವು ಈಜಿಪ್ಟಿನ ಅಲೆಕ್ಸಾಂಡ್ರಿಯಾಕ್ಕೆ ಹೋಗಿ ನೆಲೆಸಿತು. ಅಂದಿನ ಪದ್ಧತಿಯಂತೆ ಹನ್ನೆರಡು ಹದಿಮೂರರ ಪ್ರಾಯದಲ್ಲಿಯೇ ಆಕೆಗೆ ಮದುವೆ ಗೊತ್ತುಮಾಡಿದರು. ತನ್ನ ಬಾಳು ಕ್ರಿಸ್ತರಿಗೆ ಮಾತ್ರ ಮೀಸಲೆಂದು ನಿಶ್ಚಯಿಸಿದ್ದ ಮರಿಯಂ ತಲೆಗೂದಲನ್ನು ಕತ್ತರಿಸಿಕೊಂಡು ಮದುವೆಯನ್ನು ನಿರಾಕರಿಸಿದಳು. ಕುಪಿತನಾದ ದೊಡ್ಡಪ್ಪ ಆಕೆಯನ್ನು ಅಡಿಗೆಮನೆಯ ಆಳುಗಳೊಡನೆ ದುಡಿಯಲು ಹಚ್ಚಿದನು. ನಜರೇತಿನ ಕಡೆಯಿದ್ದ ತಮ್ಮನಿಗೆ ಕಾಗದ ಕಳುಹಿಸಲೆಂದು ಆಕೆ, ಹಿಂದೆ ಆ ಮನೆಯಲ್ಲಿ ಕೆಲಸಕ್ಕಿದ್ದವನೊಬ್ಬನ ಬಳಿಗೆ ಹೋದಳು. ಅವನು ಕ್ರೈಸ್ತ ವಿಶ್ವಾಸವನ್ನು ತೊರೆಯುವಂತೆ ಒತ್ತಾಯಿಸಿದನು. ಒಪ್ಪದಿದ್ದಾಗ ರೋಷದಿಂದ ಆಕೆಯ ಕುತ್ತಿಗೆಯನ್ನೇ ಕೊಯ್ದು ಓಣಿಯಲ್ಲಿ ಎಸೆದನು. ಇದು ನಡೆದದ್ದು 1858ರ ಸೆಪ್ಟೆಂಬರಿನಲ್ಲಿ, ಮರಿಯಮ್ಮನವರ ಜನನೋತ್ಸವದ ಸಮಯದಲ್ಲಿ. ನೀಲಿಯುಡುಗೆಯ ಒಬ್ಬ ಸ್ತ್ರೀ ಗುಹೆಯೊಂದರಲ್ಲಿ ತನ್ನನ್ನು ಉಪಚರಿಸಿ ಬದುಕಿಸಿದಳೆಂದೂ, ಆಕೆ ಕನ್ಯಾಮರಿಯಮ್ಮನವರೇ ಎಂದೂ ಮರಿಯಂ ಮುಂದೆ ನಂಬಿದ್ದಳು. ಕೊರಳಿನ ಗಾಯದ ಕಲೆಯೂ ಒಡಕು ದನಿಯೂ ಕೊನೆಯವರೆಗೆ ಉಳಿದವು.

ಅಲ್ಲಿಂದ ಮುಂದೆ ಆಕೆ ಪರರ ಮನೆಯ ಕೆಲಸದಾಕೆ. ಅಲೆಕ್ಸಾಂಡ್ರಿಯಾ, ಜೆರುಸಲೇಮ್, ಬೈರೂತ್ ಎಂದು ಊರಿಂದೂರಿಗೆ ಸಾಗಿದಳು. ಜೆರುಸಲೇಮಿನಲ್ಲಿ ಪ್ರಭುವಿನ ಪವಿತ್ರ ಸಮಾಧಿಯ ಬಳಿ ಆಜೀವ ಕನ್ಯಾವ್ರತವನ್ನು ಕೈಗೊಂಡಳು. 1863ರಲ್ಲಿ ಅರಬ್ ಕ್ರೈಸ್ತ ಕುಟುಂಬವೊಂದರ ಅಡಿಗೆಯವಳಾಗಿ ಫ್ರಾನ್ಸಿನ ಮಾರ್ಸೆಲ್ ಬಂದರಿಗೆ ಬಂದಳು. ಮದುವೆಯನ್ನು ನಿರಾಕರಿಸಿದಂದಿನಿಂದ ಕನ್ಯಾಮಠದ ಬಾಗಿಲನ್ನು ತಲುಪುವವರೆಗೆ ಸುಮಾರು ಏಳು ವರ್ಷಗಳು ಸಂದವು. ಆ ವರ್ಷಗಳು ವ್ಯರ್ಥವಾಗಲಿಲ್ಲ. ಪಾತ್ರೆ ಬೆಳಗುತ್ತಾ ನೆಲ ಗುಡಿಸುತ್ತಾ ಇದ್ದಾಗಲೂ ಆರದೆ ಉಳಿದ ಬಯಕೆಯೇ ಕರೆಯ ಪ್ರಥಮ ಕುರುಹು.

1865ರಲ್ಲಿ ಮಾರ್ಸೆಲಿನ ಸಂತ ಜೋಸೆಫರ ದರ್ಶನದ ಭಗಿನಿಯರ ಮಠಕ್ಕೆ ಆಕೆ ಅಭ್ಯರ್ಥಿಯಾಗಿ ಸೇರಿದಳು. ಅಲ್ಲಿಯೂ ಅಡಿಗೆ, ಬಟ್ಟೆ ಒಗೆಯುವ ಕೆಲಸಗಳೇ. ಫ್ರೆಂಚ್ ಭಾಷೆ ಸರಿಯಾಗಿ ಬಾರದು, ಓದುಬರಹ ಅಷ್ಟಕ್ಕಷ್ಟೆ. ಆದರೆ ಪ್ರಾರ್ಥನೆಯಲ್ಲಿ ಮೈಮರೆಯುವುದು, ಕೈಕಾಲುಗಳಲ್ಲಿ ಕ್ರಿಸ್ತರ ಗಾಯಗಳ ಗುರುತು ಮೂಡುವುದು ಮುಂತಾದ ಅಸಾಧಾರಣ ಸಂಗತಿಗಳು ಕಾಣಿಸಿಕೊಂಡವು. ಎರಡು ವರ್ಷಗಳ ಅನಂತರ ಮಠದ ಹಿರಿಯರು ಮತ ಹಾಕಿ, ಸೇವಾಕಾರ್ಯದಲ್ಲಿ ನಿರತವಾದ ತಮ್ಮ ಸಂಸ್ಥೆಗೆ ಈಕೆ ಒಗ್ಗುವವಳಲ್ಲವೆಂದು ತೀರ್ಮಾನಿಸಿದರು. ಮರಿಯಂಗೆ ಇದು ದೊಡ್ಡ ಆಘಾತ. ಆದರೂ ಆಕೆ ವಾದಿಸಲಿಲ್ಲ, ತನಗಾದ ದರ್ಶನಗಳನ್ನು ಸಾಕ್ಷಿಗೆ ಕರೆಯಲಿಲ್ಲ.

ಆ ವೇಳೆಗೆ ನವದೀಕ್ಷಿತರ ಮಾರ್ಗದರ್ಶಿಯಾಗಿದ್ದವರು ಮಾತೆ ವೆರೋನಿಕಾ. ಆಂಗ್ಲಿಕನ್ ಪಾದ್ರಿಯ ಮಗಳಾಗಿ ಹುಟ್ಟಿ ಕಥೋಲಿಕ ಧರ್ಮಸಭೆಯನ್ನು ಸೇರಿದ ಇವರು, ಕಲ್ಲಿಕೋಟೆಯಲ್ಲಿ ಸೇವೆ ಸಲ್ಲಿಸಿ ಹಿಂದಿರುಗಿದ್ದರು. ಮುಂದೆ ನಮ್ಮ ಕರಾವಳಿಗೆ ಚಿರಪರಿಚಿತವಾದ ಅಪೋಸ್ತಲಿಕ್ ಕಾರ್ಮೆಲ್ ಸಂಸ್ಥೆಯನ್ನು ಸ್ಥಾಪಿಸಿದವರೂ ಇವರೇ. ತಾವೂ ಕಾರ್ಮೆಲ್ ಜೀವನಕ್ಕೆ ಹೊರಟಿದ್ದ ಅವರು 1867ರ ಜೂನ್ ತಿಂಗಳಲ್ಲಿ ಮರಿಯಂಳನ್ನು ಪೌ ನಗರದ ಕಾರ್ಮೆಲ್ ಮಠಕ್ಕೆ ಕರೆದೊಯ್ದರು. ಮುಚ್ಚಿದ ಬಾಗಿಲೇ ಸರಿಯಾದ ಬಾಗಿಲಿಗೆ ದಾರಿ ತೋರಿಸಿತು. ಅಲ್ಲಿ ಶಿಲುಬೆಗೇರಿದ ಯೇಸುವಿನ ಮರಿಯಾ ಎಂಬ ಹೆಸರು ಪಡೆದ ಆಕೆ, ಎಲ್ಲರ ಸೇವೆ ಮಾಡುವ ಕೆಲಸದ ಭಗಿನಿಯಾಗಿರಲು ಬಯಸಿದಳು.

1870ರ ಆಗಸ್ಟ್ ತಿಂಗಳಲ್ಲಿ ಮಂಗಳೂರಿನಲ್ಲಿ ಕಾರ್ಮೆಲ್ ಮಠವನ್ನು ಸ್ಥಾಪಿಸಲು ಹೊರಟ ತಂಡದಲ್ಲಿ ಆಕೆಯೂ ಇದ್ದಳು. ಪ್ರಯಾಣ ಭೀಕರವಾಗಿತ್ತು, ಮೂವರು ಭಗಿನಿಯರು ದಾರಿಯಲ್ಲಿಯೇ ಅಸುನೀಗಿದರು. ಉಳಿದವರು ನವೆಂಬರಿನಲ್ಲಿ ಮಂಗಳೂರನ್ನು ಮುಟ್ಟಿದರು. 1871ರ ನವೆಂಬರ್ 21ರಂದು, ಮರಿಯಮ್ಮನವರ ಸಮರ್ಪಣೆಯ ಹಬ್ಬದ ದಿನ, ಮರಿಯಂ ಅಲ್ಲಿ ತನ್ನ ವ್ರತಗಳನ್ನು ಸ್ವೀಕರಿಸಿದಳು.

ಬಯಸಿದ್ದು ಕೈಗೂಡಿತು ಎನ್ನುವಾಗಲೇ ಅತ್ಯಂತ ಕಠಿಣವಾದ ಪರೀಕ್ಷೆ ಎದುರಾಯಿತು. ಆಕೆಯಲ್ಲಿ ಕಾಣುತ್ತಿದ್ದ ಅಸಾಧಾರಣ ಸಂಗತಿಗಳು ದೇವರಿಂದ ಬಂದವೋ ಅಲ್ಲವೋ ಎಂಬ ಸಂಶಯ ಮಠದಲ್ಲಿ ಬೆಳೆಯಿತು. ಆಕೆಯನ್ನು ಬಲ್ಲ ಧರ್ಮಾಧ್ಯಕ್ಷ ಮಾರಿ ಎಫ್ರೆಂ ಅವರೂ ಸಂದೇಹಪಟ್ಟರು. 1872ರಲ್ಲಿ ಆಕೆಯನ್ನು ಪೌ ಮಠಕ್ಕೆ ಹಿಂದಕ್ಕೆ ಕಳುಹಿಸಲಾಯಿತು. ವ್ರತ ತೊಟ್ಟ ಮಠದಿಂದಲೇ ಅಪನಂಬಿಕೆಯ ಭಾರವನ್ನು ಹೊತ್ತು ಹೊರಡುವುದೆಂದರೆ ಎಂಥ ಸಂಕಟ! ಆದರೆ ಮರಿಯಂ ವಿಧೇಯತೆಯಿಂದ ಹೊರಟಳು. ಪೌ ಮಠದಲ್ಲಿ ಹಿಂದಿನಂತೆಯೇ ತನ್ನ ಕೆಲಸಕ್ಕೆ ತೊಡಗಿದಳು. ಭ್ರಮೆಯಾಗಿದ್ದರೆ ಅದು ಈ ಬೆಂಕಿಯಲ್ಲಿ ಸುಟ್ಟುಹೋಗುತ್ತಿತ್ತು. ಕರೆಯಾಗಿದ್ದುದರಿಂದ ಪುಟಕ್ಕಿಟ್ಟ ಚಿನ್ನದಂತೆ ಹೊಳೆಯಿತು.

1875ರಲ್ಲಿ ಆಕೆ ಭಗಿನಿಯರೊಡನೆ ಬೆತ್ಲೆಹೇಮಿಗೆ ತೆರಳಿ, ತನ್ನ ಹೆತ್ತವರು ಹರಕೆ ಹೊತ್ತಿದ್ದ ಊರಿನಲ್ಲಿಯೇ ಕಾರ್ಮೆಲ್ ಮಠದ ನಿರ್ಮಾಣಕ್ಕೆ ನಿಂತಳು. ಅರಬಿ ಬಲ್ಲವಳಾದ್ದರಿಂದ ಕೆಲಸಗಾರರ ಮೇಲ್ವಿಚಾರಣೆ ಆಕೆಯದೇ. 1878ರ ಆಗಸ್ಟಿನ ಬಿಸಿಲಿನಲ್ಲಿ ಕೂಲಿಯಾಳುಗಳಿಗೆ ಕುಡಿಯುವ ನೀರನ್ನು ಒಯ್ಯುತ್ತಿದ್ದಾಗ ಮೆಟ್ಟಿಲಲ್ಲಿ ಬಿದ್ದು ತೋಳು ಮುರಿಯಿತು. ಗಾಯ ಕೊಳೆತು ವಿಷವೇರಿತು. ಆಗಸ್ಟ್ 26ರಂದು, ತನ್ನ 32ನೆಯ ವಯಸ್ಸಿನಲ್ಲಿ, ಆಕೆ ಪ್ರಭುವಿನಲ್ಲಿ ಲೀನಳಾದಳು. ಜಗದ್ಗುರು ಎರಡನೆಯ ಜಾನ್ ಪಾಲರು 1983ರ ನವೆಂಬರ್ 13ರಂದು ಆಕೆಯನ್ನು ಧನ್ಯರ ಸಾಲಿಗೆ ಸೇರಿಸಿದರು. ಜಗದ್ಗುರು ಫ್ರಾನ್ಸಿಸರು 2015ರ ಮೇ 17ರಂದು ಸಂತಪದವಿಗೆ ಏರಿಸಿದರು.

ಈ ಬಾಳಿನಿಂದ ನಾವು ಕಲಿಯಬೇಕಾದುದೇನು? ದರ್ಶನಗಳೂ ಪವಾಡಗಳೂ ದೈವಕರೆಯ ಅಳತೆಗೋಲಲ್ಲ. ಆಕೆಯ ವಿಷಯದಲ್ಲಿ ಅವು ಸಂಶಯಕ್ಕೇ ಕಾರಣವಾದವು. ದೀರ್ಘಕಾಲ ಕಾದರೂ ಬಾಡದ ಬಯಕೆ, ಹಿರಿಯರ ತೀರ್ಪಿಗೆ ತಲೆಬಾಗುವ ನಮ್ರತೆ, ಕೀಳೆನಿಸುವ ಕೆಲಸದಲ್ಲಿಯೂ ಕಾಣುವ ಸಂತೋಷ, ಇವೇ ನಿಜವಾದ ಕುರುಹುಗಳು. ಧರ್ಮಸಭೆಯೂ ಅವಸರಪಡುವುದಿಲ್ಲ. 1983ರ ಧರ್ಮಸಭಾ ಕಾನೂನಿನಂತೆ 17 ವರ್ಷ ತುಂಬದವರನ್ನು ನವದೀಕ್ಷೆಗೆ ಸೇರಿಸಿಕೊಳ್ಳುವಂತಿಲ್ಲ. ನವದೀಕ್ಷೆ 12 ತಿಂಗಳಾದರೂ ನಡೆಯಬೇಕು. ಅನಂತರ ಕನಿಷ್ಠ 3 ವರ್ಷಗಳು ತಾತ್ಕಾಲಿಕ ವ್ರತಗಳಲ್ಲಿ ಕಳೆಯಬೇಕು. 21 ತುಂಬಿದ ಬಳಿಕವೇ ಆಜೀವ ವ್ರತ. ಈ ಕಾಲಾವಕಾಶವು ಮಗಳಿಗೂ ಮಠಕ್ಕೂ ಪರಸ್ಪರ ಅರಿಯಲು ಕೊಟ್ಟ ಅನುಗ್ರಹ. ಪರೀಕ್ಷಿಸಿ ನೋಡಿ ಮನೆಗೆ ಮರಳಿದವಳು ಸೋತವಳಲ್ಲ. ಅವಳೂ ದೇವಚಿತ್ತವನ್ನು ಅರಸಿದವಳೇ. ಅವಳನ್ನು ಕುಹಕದಿಂದ ನೋಡುವುದು ನಮಗೆ ತಕ್ಕುದಲ್ಲ.

ಹೆತ್ತವರೇ, ಮಗಳು ಮಠ ಸೇರುವ ಮಾತೆತ್ತಿದಾಗ ಸಿಡಿದೇಳಬೇಡಿರಿ, ಅವಳನ್ನು ಅವಸರದಿಂದ ತಳ್ಳಲೂ ಬೇಡಿರಿ. ಗುರುಗಳ ಸಲಹೆ ಪಡೆಯಿರಿ, ಜೊತೆಗೂಡಿ ಪ್ರಾರ್ಥಿಸಿರಿ, ಕಾಯಿರಿ. ಪವಿತ್ರಾತ್ಮರಲ್ಲಿ ಅಪಾರ ಭಕ್ತಿಯಿದ್ದ ಸಂತ ಮರಿಯಂ, ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ಆ ಆತ್ಮರ ಬೆಳಕನ್ನು ಬೇಡಿಕೊಡಲಿ.