ಕಲ್ಲಚ್ಚಿನ ಪಾದ್ರಿ

ಮೊಗ್ಲಿಂಗ್ ಅಂದ್ರೆ ನಮಗೆಲ್ಲ ಕ್ವಿಜ್ ಉತ್ತರ ಅಷ್ಟೇ: ಮೊದಲ ಕನ್ನಡ ಪತ್ರಿಕೆ, 1843. ಜರ್ಮನಿಯಲ್ಲಿ ಹುಟ್ಟಿದ ಹರ್ಮನ್ ಮೊಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದದ್ದು ಕ್ರೈಸ್ತ ಧರ್ಮ ಪ್ರಚಾರಕ್ಕೆ. ಕನ್ನಡ ಕಲಿತರು, ಹುಡುಗರಿಗೆ ಶಾಲೆ ನಡೆಸಿದರು. ಆಮೇಲೆ ಮೊಳೆಗಳಿಲ್ಲದೆ, ಕಲ್ಲಚ್ಚಿನಲ್ಲೇ 15 ದಿನಕ್ಕೊಮ್ಮೆ 'ಮಂಗಳೂರು ಸಮಾಚಾರ' ತಂದರು. ಅದರಲ್ಲಿ ಬರೀ ಉಪದೇಶ ಇರಲಿಲ್ಲ. ಊರ ಸುದ್ದಿ, ಸರ್ಕಾರಿ ಕಾನೂನು, ಕಥೆ, ದಾಸರ ಪದ ಕೂಡ ಇತ್ತು. ಓದುಗರನ್ನು ಹಿಡಿಯೋದು ಚೆನ್ನಾಗೇ ಗೊತ್ತಿತ್ತು ಅವರಿಗೆ!

1844ರಲ್ಲಿ ಮಿಷನ್ ಶಾಲೆಯಲ್ಲಿ ಓದಿದ್ದ ಬ್ರಾಹ್ಮಣ ಹುಡುಗ ಆನಂದರಾವ್ ಕೌಂಡಿನ್ಯ ಕ್ರೈಸ್ತರಾದಾಗ ಊರಲ್ಲಿ ದೊಡ್ಡ ಗಲಾಟೆ ಎದ್ದಿತು. ಅವರಿಗೂ ಹೆಚ್ಚುಕಮ್ಮಿ ನಮ್ಮದೇ ವಯಸ್ಸು. ಅವರ ಮನೆಯವರನ್ನ ನೆನೆಸಿಕೊಂಡ್ರೆ ಯಾರ ಪರ ನಿಲ್ಲಬೇಕು ಅಂತ ನಮಗೆ ಹೊಳೆಯಲ್ಲ.

ಅದೇ ವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ, 'ಕನ್ನಡ ಸಮಾಚಾರ' ಆಗಿ, ನಿಂತೂ ಹೋಯಿತು. ಮೊಗ್ಲಿಂಗ್ ಹಳೆಗನ್ನಡ ಕಾವ್ಯಗಳನ್ನು ಅಚ್ಚು ಹಾಕಿಸುವುದಕ್ಕೆ ಇಳಿದರು. 1881ರಲ್ಲಿ ಜರ್ಮನಿಯಲ್ಲೇ ತೀರಿಕೊಂಡರು.